2 ಜಿಬಿ ಸರ್ವರ್‌ನಲ್ಲಿ ಕ್ಯಾಶ್‌ಗೆ ಎಷ್ಟು ಮೆಮೊರಿ ಕೊಡ್ತೀರಿ?

2 ಜಿಬಿ ರ‍್ಯಾಮ್ ಇರುವ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ವರ್ಡ್‌ಪ್ರೆಸ್ ಸೈಟ್ ಇದೆ. ವೆಬ್ ಸರ್ವರ್ ಎಂಜಿನ್‌ಎಕ್ಸ್, ಪಿಎಚ್‌ಪಿ, ಡೇಟಾಬೇಸ್ ಮೈಎಸ್‌ಕ್ಯೂಎಲ್ ಎಲ್ಲ ಅದರಲ್ಲೇ. ವೇಗ ಬರಲಿ ಅಂತ ರೆಡಿಸ್ (ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಕ್ಯಾಶ್) ಹಾಕಿದೆ. ಈಗ ಜನ ಜಾಸ್ತಿ ಬಂದರೆ ಮೈಎಸ್‌ಕ್ಯೂಎಲ್ ತಾನಾಗಿ ನಿಂತುಹೋಗುತ್ತದೆ. ಕ್ಯಾಶ್ ಇದ್ದರೆ ಲೋಡ್ ಇಳಿಯಬೇಕಲ್ವಾ? ಅನುಭವ ಇದ್ದವರು ಹೇಳಿ.

—

ತಾನಾಗಿ ನಿಲ್ಲುತ್ತಿರಲಿಕ್ಕಿಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್ ಕೊಲ್ಲುತ್ತಿರಬೇಕು. ಕರ್ನಲ್ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಸಾಲು ಇದೆಯಾ ನೋಡಿ. ಮೆಮೊರಿ ಮುಗಿದಾಗ ಲಿನಕ್ಸ್ ಸಾಮಾನ್ಯವಾಗಿ ಹೆಚ್ಚು ಜಾಗ ಹಿಡಿದ ಪ್ರೋಸೆಸ್ಸನ್ನೇ ಹಿಡಿಯುತ್ತದೆ. ಜಾಗ ತಿಂದವರು ಯಾರೋ, ಏಟು ಮಾತ್ರ ಡೇಟಾಬೇಸ್‌ಗೆ.

ರೆಡಿಸ್‌ಗೆ ಮಿತಿ ಹಾಕಿದ್ದೀರಾ? 64 ಬಿಟ್‌ನಲ್ಲಿ ಮ್ಯಾಕ್ಸ್‌ಮೆಮೊರಿ ಮೊದಲಿಗೆ 0 ಇರುತ್ತದೆ, ಅಂದರೆ ಮಿತಿಯೇ ಇಲ್ಲ. ಸುಮ್ನೆ ಮಿತಿ ಹಾಕಿದರೂ ಸಾಲದು. ತುಂಬಿದ ಮೇಲೆ ಹಳೆಯದನ್ನು ತೆಗೆಯುವುದಿಲ್ಲ, ಹೊಸದನ್ನು ಬರೆಯಲು ಹೋದರೆ ಎರರ್ ಕೊಡುತ್ತದೆ. ಪಾಲಿಸಿಯನ್ನು 'ಆಲ್‌ಕೀಸ್ ಎಲ್‌ಆರ್‌ಯು' ಮಾಡಿ, ಆಗ ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ತೆಗೆಯುತ್ತದೆ. ನಿಮಗೆ 128 ಎಂಬಿ ಧಾರಾಳ. ಬರೀ ಕ್ಯಾಶ್ ಆಗಿದ್ದರೆ ಡಿಸ್ಕ್‌ಗೆ ಉಳಿಸುವುದನ್ನೂ ನಿಲ್ಲಿಸಿ. ಉಳಿಸುವಾಗ ಅದು ಫೋರ್ಕ್ ಆಗುತ್ತದೆ (ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುತ್ತದೆ), ಆ ಹೊತ್ತಿಗೆ ಬರವಣಿಗೆ ಜೋರಾಗಿದ್ದರೆ ಮೆಮೊರಿ ದುಪ್ಪಟ್ಟಿನ ಹತ್ತಿರ ಹೋಗಬಹುದು.

—

ರೆಡಿಸ್ ಮಾತು ಸರಿ. ಆದರೆ ನಿಜವಾದ ಹೊಟ್ಟೆಬಾಕ ಪಿಎಚ್‌ಪಿ. ನನ್ನ ಸೈಟ್‌ನಲ್ಲಿ ಒಂದೊಂದು ವರ್ಕರ್ (ಒಂದು ಸಲಕ್ಕೆ ಒಂದು ಕೋರಿಕೆ ನೋಡುವ ಪಿಎಚ್‌ಪಿ ಪ್ರೋಸೆಸ್) ಸುಮಾರು 70 ಎಂಬಿ ತಿನ್ನುತ್ತದೆ. ಮ್ಯಾಕ್ಸ್ ಚಿಲ್ಡ್ರನ್ (ವರ್ಕರ್‌ಗಳ ಗರಿಷ್ಠ ಸಂಖ್ಯೆ) 30 ಇಟ್ಟರೆ ಅಲ್ಲಿಗೇ 2 ಜಿಬಿ ಮುಗಿಯಿತು! ಓಎಸ್, ಮೈಎಸ್‌ಕ್ಯೂಎಲ್, ರೆಡಿಸ್ ಮೂರನ್ನೂ ಕಳೆದು ಉಳಿದದ್ದನ್ನು 70ರಿಂದ ಭಾಗಿಸಿ. 12 ಬಂದರೆ 12. ಹದಿಮೂರನೆಯವರು ಒಂದು ಕ್ಷಣ ಕಾಯಲಿ ಬಿಡಿ, ಸೈಟೇ ಬೀಳುವುದಕ್ಕಿಂತ ವಾಸಿ.

ಆಪ್‌ಕ್ಯಾಶ್ (ಕಂಪೈಲ್ ಆದ ಪಿಎಚ್‌ಪಿ ಕೋಡ್ ಇಟ್ಟುಕೊಳ್ಳುವ ಜಾಗ) ಮಾತ್ರ ಕತ್ತರಿಸಬೇಡಿ. ಅದರ 128 ಎಂಬಿಯನ್ನು ಎಲ್ಲ ವರ್ಕರ್‌ಗಳೂ ಹಂಚಿಕೊಳ್ಳುತ್ತವೆ. ಮತ್ತೆ, ಇನ್ನೊಡಿಬಿ ಬಫರ್ ಪೂಲ್‌ಗೆ (ಮೈಎಸ್‌ಕ್ಯೂಎಲ್‌ನದೇ ಡೇಟಾ ಕ್ಯಾಶ್) ಮುಕ್ಕಾಲು ರ‍್ಯಾಮ್ ಕೊಡಿ ಅನ್ನುವ ಸಲಹೆ ಡೇಟಾಬೇಸ್‌ಗೆಂದೇ ಇಟ್ಟ ಯಂತ್ರಕ್ಕೆ. ನಿಮಗಲ್ಲ.

—

ಓದುವ ಸೈಟಾ, ಅಂಗಡಿಯಾ? ಬರೀ ಓದುವವರೇ ಬರುವುದಾದರೆ ನಾನು ರೆಡಿಸ್ ಕಿತ್ತುಹಾಕುತ್ತೇನೆ. ಎಂಜಿನ್‌ಎಕ್ಸ್‌ನ ಫಾಸ್ಟ್‌ಸಿಜಿಐ ಕ್ಯಾಶ್ ಹಾಕಿ. ಪೂರ್ತಿ ಪುಟ ಡಿಸ್ಕ್‌ನಲ್ಲಿರುತ್ತದೆ, ಮೆಮೊರಿಯಲ್ಲಿ ಪುಟ ಹುಡುಕುವ ಕೀಗಳಷ್ಟೇ. 1 ಎಂಬಿಯಲ್ಲಿ ಸುಮಾರು 8,000 ಕೀ ಹಿಡಿಸುತ್ತವೆ. ಪದೇ ಪದೇ ಕೇಳುವ ಪುಟಗಳನ್ನು ಲಿನಕ್ಸೇ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಬೇರೆಯವರು ಜಾಗ ಕೇಳಿದರೆ ಬಿಟ್ಟುಕೊಡುತ್ತದೆ. ರೆಡಿಸ್ ಹಾಗೆ ಬಿಟ್ಟುಕೊಡುವುದಿಲ್ಲ. ಅದಕ್ಕೇ 'ಫ್ರೀ' ಕಮಾಂಡ್ ಕೊಟ್ಟಾಗ 'ಅವೈಲಬಲ್' ಕಾಲಂ ನೋಡಿ, 'ಫ್ರೀ' ಕಾಲಂ ನೋಡಿ ಗಾಬರಿಯಾಗಬೇಡಿ.

ಅಂಗಡಿಯಾದರೆ ಲಾಗಿನ್ ಮಾಡಿದವರ ಪುಟ, ಕಾರ್ಟ್ ಪುಟ ಕ್ಯಾಶ್ ಆಗದಂತೆ ಕುಕೀ ನೋಡಿ ಬೈಪಾಸ್ ಮಾಡಲೇಬೇಕು. ಆಗ ರೆಡಿಸ್ ಇರಲಿ.