ಗ್ರಾನೈಟ್, ಟೈಲ್ಸ್, ಕಬ್ಬಿಣದ ಪೈಪ್ – ಮೂರಕ್ಕೂ ಒಂದೇ ಕಟರ್ ಆಗುತ್ತಾ? ಗ್ರೈಂಡರ್ ವಿಪರೀತ ಅದುರ್ತಿದೆ

ಪ್ರಶ್ನೆ:
ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಹಳೇ ಮನೆ. ಅಡುಗೆಮನೆ ಕಟ್ಟೆಗೆ 20 ಎಂಎಂ ಗ್ರಾನೈಟ್ ಇದೆ, ಅದರಲ್ಲಿ ಹಾಬ್ ಸ್ಟವ್ ಕೂರಿಸೋಕೆ ಚೌಕ ಕತ್ತರಿಸಬೇಕು. ಬಚ್ಚಲಲ್ಲಿ ಹತ್ತು ಹನ್ನೆರಡು ಟೈಲ್ಸ್ ಬದಲಾಯಿಸೋದಿದೆ. ಮಹಡಿ ಮೇಲೆ ಬಟ್ಟೆ ಒಣಹಾಕೋ ಸ್ಟ್ಯಾಂಡಿಗೆ ಒಂದಿಂಚಿನ ಎಂ.ಎಸ್. ಸ್ಕ್ವೇರ್ ಪೈಪ್ ತರಬೇಕು ಅಂತಿದ್ದೀನಿ.

ಭಾವನ ಹತ್ರ ಇದ್ದ 4 ಇಂಚಿನ ಗ್ರೈಂಡರ್ (ಕೈಯಲ್ಲಿ ಹಿಡಿದು ಕತ್ತರಿಸೋ ಮಷಿನ್) ಇಸ್ಕೊಂಡು, ಅಂಗಡೀಲಿ ಕೇಳಿ ಗ್ರಾನೈಟ್ ಬ್ಲೇಡ್ ತಂದೆ. ಬ್ಲೇಡ್ ಅದರ ಸುತ್ತ ಇರೋ ಗಾರ್ಡಿಗೆ (ರಕ್ಷಣೆಯ ಕವಚಕ್ಕೆ) ತಾಗ್ತಿತ್ತು, ಹಾಗಾಗಿ ಗಾರ್ಡ್ ಬಿಚ್ಚಿದೆ. ಆನ್ ಮಾಡಿದ್ರೆ ಮೊಣಕೈವರೆಗೂ ಅದುರುತ್ತೆ. ಒಂದು ಬೇಡದ ಕಲ್ಲಿನ ಮೇಲೆ ನೋಡಿದೆ, ಅಂಚೆಲ್ಲ ಚಕ್ಕೆ ಎದ್ದು ಬ್ಲೇಡ್ ಕೆಂಪಗಾಯ್ತು. ಗ್ರೈಂಡರ್ ಕೆಟ್ಟಿದೆಯಾ? 14 ಇಂಚಿನ ಕಟಿಂಗ್ ಮಷಿನ್ ತಗೊಂಡ್ರೆ ಎಲ್ಲಕ್ಕೂ ಆಗುತ್ತಾ?

ಉತ್ತರ:
ಸರ್, ಮೊದಲು ಪ್ಲಗ್ ಕಿತ್ತಿಡಿ. ಬ್ಲೇಡ್ ಮೇಲೆ ಏನು ಅಳತೆ ಬರೆದಿದೆ ನೋಡಿ ಹೇಳಿ.

ಪ್ರಶ್ನೆ ಕೇಳಿದವರು:
110 ಎಂಎಂ, ತೂತು 20 ಎಂಎಂ ಅಂತಿದೆ.

ಉತ್ತರ:
ಹಾಗಾದ್ರೆ ನಿಮ್ಮ ಗ್ರೈಂಡರ್ ಚೆನ್ನಾಗೇ ಇದೆ. ಅದು ಮಾರ್ಬಲ್ ಕಟರ್ ಬ್ಲೇಡು. 4 ಇಂಚಿನ ಗ್ರೈಂಡರಿಗೆ ಬೇಕಿರೋದು 100 ಎಂಎಂ ಬ್ಲೇಡ್, 16 ಎಂಎಂ ತೂತು. ನಡುವೆ 4 ಎಂಎಂ ಸಡಿಲ ಇದ್ರೆ ಬ್ಲೇಡ್ ಮಧ್ಯಕ್ಕೆ ಕೂರೋದೇ ಇಲ್ಲ. ಒಂದು ಕಡೆಗೆ ವಾಲಿಕೊಂಡು ನಿಮಿಷಕ್ಕೆ 11,000 ಸುತ್ತು ತಿರುಗಿದ್ರೆ ಅದುರದೆ ಇನ್ನೇನಾಗುತ್ತೆ? ಚಕ್ಕೆ ಏಳೋದಕ್ಕೂ ಅದೇ ಕಾರಣ. ಗಾರ್ಡಿಗೆ ತಾಗಿದ್ದು ಆ 10 ಎಂಎಂ ಹೆಚ್ಚು ಅಗಲದಿಂದ. ಬ್ಲೇಡ್ ಹಿಡಿಸದೆ ಇದ್ರೆ ಬ್ಲೇಡ್ ಬದಲಾಯಿಸಬೇಕು ಸರ್, ಗಾರ್ಡ್ ಬಿಚ್ಚಬಾರದು. ದಯವಿಟ್ಟು ಇವತ್ತೇ ವಾಪಸ್ ಹಾಕಿ. ಕೆಂಪಗಾದ ಆ ಬ್ಲೇಡನ್ನ ಮತ್ತೆ ಬಳಸಬೇಡಿ. ಅಷ್ಟು ಕಾದ ಮೇಲೆ ಅದರ ಹಲ್ಲು ಯಾವಾಗ ಕಿತ್ತು ಹಾರುತ್ತೋ ಹೇಳೋಕಾಗಲ್ಲ.

14 ಇಂಚಿನದು ನಿಮಗೆ ಬೇಡ. ಅದು ನೆಲದ ಮೇಲೆ ಕೂತು ಕಬ್ಬಿಣ ಕತ್ತರಿಸೋ ಮಷಿನ್. ಕಟ್ಟೆ ಮೇಲೆ ಕೂರಿಸಿಬಿಟ್ಟ ಕಲ್ಲಿಗೆ ಅದನ್ನ ಹಿಡಿಯೋದಾದ್ರೂ ಹೇಗೆ? 2,000 ವ್ಯಾಟ್ ಮೇಲಿರುತ್ತೆ, 16 ಆಂಪ್ ಸಾಕೆಟ್ ಬೇಕು. ಪೈಪಿನ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಹೇಗೂ ವೆಲ್ಡಿಂಗಿಗೆ ಕೊಡಲೇಬೇಕಲ್ಲ, ಅಳತೆ ಬರೆದುಕೊಟ್ರೆ ಅಲ್ಲೇ ಕತ್ತರಿಸ್ತಾರೆ. ಮನೇಲಿ ಒಂದೆರಡು ತುಂಡು ಮಾಡೋಕೆ ಭಾವನ ಗ್ರೈಂಡರಿಗೆ 1 ಎಂಎಂ ದಪ್ಪದ ಕಬ್ಬಿಣದ ಡಿಸ್ಕ್ ಹಾಕಿದ್ರೆ ಸಾಕು. ಕಿಡಿ ಕಿಟಕಿ ಗಾಜಿನ ಕಡೆ ಹಾರದ ಹಾಗೆ ನಿಂತ್ಕೊಳ್ಳಿ, ಗಾಜಿಗೆ ಕಚ್ಚಿದ ಕಿಡಿಯ ಕಲೆ ಹೋಗೋದೇ ಇಲ್ಲ.

ನೀವು ದುಡ್ಡು ಹಾಕಬೇಕಾದ್ದು 110 ಎಂಎಂ ಮಾರ್ಬಲ್ ಕಟರಿಗೆ. ಕೆಳಗೆ ಚಪ್ಪಟೆ ತಳ ಇರುತ್ತೆ, ಕಲ್ಲಿನ ಮೇಲೆ ಕೂತು ನೇರ ಸಾಗುತ್ತೆ. ಆಳ ಎಷ್ಟು ಬೇಕೋ ಅಷ್ಟಕ್ಕೆ ಬಿಗಿ ಮಾಡಬಹುದು, ಸುಮಾರು 30 ಎಂಎಂವರೆಗೂ ಇಳಿಯುತ್ತೆ. ಗ್ರೈಂಡರನ್ನ ಬರೀ ಕೈಯಲ್ಲಿ ಹಿಡಿದು ಎರಡಡಿ ನೇರ ಗೆರೆ ಎಳೆಯೋದು ದಿನಾ ಅದೇ ಕೆಲಸ ಮಾಡೋರಿಗೂ ಕಷ್ಟ. ನೀರಿನ ಪೈಪ್ ಜೋಡಿಸೋ ಮಾಡೆಲ್ಲೇ ಕೇಳಿ ತಗೊಳ್ಳಿ. ಟೈಲ್ಸಿಗೆ ಹಲ್ಲಿಲ್ಲದ, ಅಂಚು ಪೂರ್ತಿ ಒಂದೇ ಸಮ ಇರೋ ಬ್ಲೇಡ್ ಬೇರೆ ತರಬೇಕು.

ಹಾಬ್ ಪೆಟ್ಟಿಗೆಯಲ್ಲಿ ಕಟ್‌ಔಟ್ ಅಳತೆ ಬರೆದಿರುತ್ತೆ, ಅದನ್ನೇ ಗುರುತು ಹಾಕಿ. ಸ್ಟವ್ ಮೇಲಿನ ಗಾಜಿನ ಅಳತೆ ಹಿಡಿದ್ರೆ ಸ್ಟವ್ ತೂತಿನೊಳಗೇ ಇಳಿದುಬಿಡುತ್ತೆ. ನಾಲ್ಕು ಮೂಲೆಗೂ ಮೊದಲು ಡೈಮಂಡ್ ಬಿಟ್ಟಿನಲ್ಲಿ ತೂತು ಕೊರೆಯಿರಿ. ಮೊನಚು ಮೂಲೆ ಬಿಟ್ರೆ ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಒಂದೇ ಸಲಕ್ಕೆ 20 ಎಂಎಂ ಇಳಿಸಬೇಡಿ, ಐದೈದು ಎಂಎಂ ನಾಲ್ಕು ಸಲ ಓಡಿಸಿ. ಒಳಗಿನ ತುಂಡು ಕೊನೇಲಿ ಧೊಪ್ಪನೆ ಬಿದ್ರೆ ಅಂಚು ಮುರಿಯುತ್ತೆ, ಕೆಳಗಿಂದ ಹಲಗೆ ಕೊಟ್ಟಿರಿ.

ನೀರು ಹಾಕದೆ ಕತ್ತರಿಸಲೇಬೇಡಿ. ಗ್ರಾನೈಟ್ ಧೂಳಲ್ಲಿ ಸಿಲಿಕಾ ಇರುತ್ತೆ. ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಬಂದ್ರೆ ವಾಸಿ ಮಾಡೋ ಔಷಧಿ ಇಲ್ಲ. ಎನ್95 ಮಾಸ್ಕ್, ಕನ್ನಡಕ ಹಾಕ್ಕೊಳ್ಳಿ, ಮಕ್ಕಳನ್ನ ಹೊರಗೆ ಕಳಿಸಿ. ನೀರು, ಕರೆಂಟು ಎರಡೂ ಒಟ್ಟಿಗೆ ಇರೋದ್ರಿಂದ ಆ ಸಾಕೆಟ್ಟಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಇರಲೇಬೇಕು. ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಬೀಳೋ ಸ್ವಿಚ್) ವೈರ್ ಸುಡೋದನ್ನ ತಡೆಯುತ್ತೆ, ಶಾಕ್ ಹೊಡೆಯೋದನ್ನ ತಡೆಯಲ್ಲ.

ಪ್ರಶ್ನೆ ಕೇಳಿದವರು:
ನಮ್ಮ ಬೋರ್ಡಲ್ಲಿ ಆರ್‌ಸಿಸಿಬಿ ಇರಲೇ ಇಲ್ಲ ಅಣ್ಣ, ಎಲೆಕ್ಟ್ರಿಷಿಯನ್ ಕರೆದು ಮೊದಲು ಅದನ್ನ ಹಾಕಿಸಿದೆ. ಮಾರ್ಬಲ್ ಕಟರ್ ತಗೊಂಡು ಇವತ್ತು ಶುರು ಮಾಡಿದೆ, ಅದುರೋದೇ ಇಲ್ಲ. ಆದ್ರೆ ಮೂರನೇ ಬದಿಗೆ ಬಂದಾಗ ಬ್ಲೇಡ್ ಸುಮ್ನೆ ಉಜ್ತಾ ಇದೆ, ಕಚ್ತಿಲ್ಲ. ಹೊಸ ಬ್ಲೇಡು!

ಉತ್ತರ:
ಒತ್ತಬೇಡಿ. ಹಲ್ಲು ಮುಟ್ಟಿ ನೋಡಿ, ಗಾಜಿನ ಹಾಗೆ ನುಣುಪಾಗಿರುತ್ತೆ. ಗಟ್ಟಿ ಕಲ್ಲಲ್ಲಿ ಮೇಲಿನ ಡೈಮಂಡ್ ಹರಳು ಸವೆದು, ಒಳಗಿನ ಹರಳು ಇನ್ನೂ ಹೊರಗೆ ಬಂದಿರಲ್ಲ. ಒಂದು ಸಿಮೆಂಟ್ ಬ್ಲಾಕ್ ಇಟ್ಟು ನಾಲ್ಕೈದು ಗೀರು ಎಳೀರಿ, ಬಾಯಿ ಬಿಡುತ್ತೆ. ಬ್ಲೇಡಿನ ಬಾಣದ ಗುರುತು ಮಷಿನ್ ತಿರುಗೋ ದಿಕ್ಕಿಗೇ ಇದೆಯಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು:
ಬಾಣ ಸರಿಯಾಗೇ ಇತ್ತು. ಕಾಂಪೌಂಡ್ ಕಟ್ಟಿದಾಗ ಉಳಿದ ಬ್ಲಾಕ್ ಇತ್ತು, ಐದು ಗೀರು ಎಳೆದೆ. ಮತ್ತೆ ಬೆಣ್ಣೆ ಕತ್ತರಿಸಿದ ಹಾಗೆ ಹೋಯ್ತು. ಚೌಕ ಬಿಡಿಸಿ ಹಾಬ್ ಕೂರಿಸಿ ಆಯ್ತು, ಹೊರ ಅಂಚಲ್ಲಿ ಒಂದು ಚಕ್ಕೆಯೂ ಎದ್ದಿಲ್ಲ. ಭಾವನ ಗ್ರೈಂಡರಿಗೆ ಗಾರ್ಡ್ ಹಾಕಿ ನಾಳೆ ವಾಪಸ್ ಕೊಡ್ತೀನಿ.