ಚಳಿಗಾಲದಲ್ಲಿ ಓಟ ಬಿಡದಿರುವುದು ಹೇಗೆ? ಡಾಕ್ಟರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚಳಿ ಶುರುವಾದ ಮೇಲೆ ನಮ್ಮ ಗುಂಪಿನಲ್ಲಿ ಬೆಳಗ್ಗೆ ಓಡುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಇವತ್ತು ಸಂಜೆ ಡಾಕ್ಟರ್ ಮೇಡಂ ಉತ್ತರ ಕೊಡುತ್ತಾರೆ. ಊರು, ವಯಸ್ಸು ಹಾಕಿ ಕೇಳಿ.

ಟೊರೊಂಟೊ, 38: ಮೇಡಂ, ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವಾಗ 7.45 ದಾಟಿರುತ್ತದೆ. ಮುಳುಗುವುದು 4.45ರ ಸುಮಾರಿಗೆ. ಆಫೀಸಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಸೆಪ್ಟೆಂಬರ್‌ನಲ್ಲಿ ವಾರಕ್ಕೆ 4 ದಿನ ಓಡುತ್ತಿದ್ದೆ. ಈಗ ಒಂದು ದಿನವೂ ಕಷ್ಟ.

ಡಾಕ್ಟರ್: ಬೆಳಗ್ಗೆ, ಸಂಜೆ ಎರಡನ್ನೂ ಬಿಡಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ 20 ನಿಮಿಷ ಓಡಿ, ವಾರಕ್ಕೆ ಮೂರು ಸಲ. ಮಾರ್ಚ್ ತನಕ ವೇಗ, ದೂರ ನೋಡಲೇಬೇಡಿ. ಹೋದೆನಾ ಇಲ್ಲವಾ, ಅಷ್ಟೇ ಲೆಕ್ಕ. ಹೊರಗೆ ಇರುವುದಕ್ಕಿಂತ 10 ಡಿಗ್ರಿ ಬೆಚ್ಚಗಿದೆ ಅಂದುಕೊಂಡು ಬಟ್ಟೆ ಹಾಕಿ. ಮೊದಲ ಐದು ನಿಮಿಷ ಸ್ವಲ್ಪ ನಡುಗಿದರೆ ಬಟ್ಟೆ ಸರಿಯಾಗಿದೆ ಅಂತ. ಮೈಗೆ ತಾಗುವ ಬನಿಯನ್ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗೇ ಇರುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬೆವರಿದ ಮೈಯಲ್ಲಿ ವಾಪಸ್ ಬರುವಾಗ ಗಾಳಿ ಬೆನ್ನಿಗಿರಲಿ. ಗಾಳಿ ಸೇರಿ ಚಳಿ ಮೈನಸ್ 28 ಅಂತ ತೋರಿಸಿದರೆ ಬರೀ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದು. ಅವತ್ತು ಟ್ರೆಡ್‌ಮಿಲ್.

ಜಯನಗರ, 44: ಓಡುವ ಮುಂಚೆ ಏನಾದರೂ ತಿನ್ನಬೇಕಾ?

ಡಾಕ್ಟರ್: ಅರ್ಧ ಗಂಟೆಗೆ ಬೇಕಿಲ್ಲ. ಹಸಿವಾದರೆ ಬಾಳೆಹಣ್ಣು. ಶುಗರ್ ಇದ್ದರೆ ನಿಮ್ಮ ವೈದ್ಯರನ್ನು ಕೇಳಿ.

ಚಿಕ್ಕಮಗಳೂರು, 29: ಓಡಿ ನಿಂತ ಮೇಲೆ ಹತ್ತು ನಿಮಿಷ ಒಣ ಕೆಮ್ಮು, ಎದೆಯಲ್ಲಿ ಸುಯ್ ಅನ್ನುವ ಸದ್ದು. ಚಳಿಯಲ್ಲಿ ಮಾತ್ರ.

ಡಾಕ್ಟರ್: ತಣ್ಣಗಿನ ಒಣ ಗಾಳಿಗೆ ಉಸಿರಿನ ಕೊಳವೆ ಬಿಗಿಯುತ್ತಿರಬಹುದು. ಸ್ಪೈರೊಮೆಟ್ರಿ, ಅಂದರೆ ಊದಿಸಿ ನೋಡುವ ಉಸಿರಿನ ಪರೀಕ್ಷೆ, ಮಾಡಿಸಿ. ಅಲ್ಲಿಯವರೆಗೆ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬರೀ ನಡೆಯಿರಿ. ಮನೆಯಲ್ಲಿ ಬೇರೆಯವರ ಇನ್‌ಹೇಲರ್ ಇದ್ದರೆ ಮುಟ್ಟಬೇಡಿ.

ದಾವಣಗೆರೆ, 57: ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕುತ್ತಿದ್ದೇನೆ. ಕರ್ಪೂರ, ಓಮ ಗಂಟು ಕಟ್ಟಿ ಮೂಸಿದರೆ ರಕ್ತದಲ್ಲಿ ಆಕ್ಸಿಜನ್ ಏರುತ್ತದೆ. ಓಡುವ ಮುಂಚೆ ಒಂದು ಮುಚ್ಚಳ ರಮ್ ಕುಡಿದರೆ ಚಳಿ ಹತ್ತಿರ ಸುಳಿಯುವುದಿಲ್ಲ.

ಡಾಕ್ಟರ್: ಏರುವುದಿಲ್ಲ. ಕೋವಿಡ್ ಕಾಲದಿಂದ ಇದೇ ಮೆಸೇಜ್ ಸುತ್ತುತ್ತಿದೆ. ಕರ್ಪೂರ ಮಕ್ಕಳ ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ. ರಮ್ ಕುಡಿದರೆ ಚರ್ಮದ ರಕ್ತನಾಳ ಅಗಲವಾಗಿ ಮೈಯ ಶಾಖ ಹೊರಗೆ ಹೋಗುತ್ತದೆ. ಬೆಚ್ಚಗನ್ನಿಸುವುದೇ ಅದಕ್ಕೆ. ದಯವಿಟ್ಟು ಅಳಿಸಿ.

ಬೀದರ್: ಮೇಡಂ, ನಮ್ಮ ಮನೆಯವರಿಗೆ 52. ಹೈಸ್ಕೂಲ್ ಮೇಷ್ಟ್ರು. ಹತ್ತು ವರ್ಷದಿಂದ ದಿನಾ ಓಡುತ್ತಾರೆ, ಶುಗರ್ ಮಾತ್ರೆ ಇದೆ. ಮೂರು ವಾರದಿಂದ ಬೆಳಗ್ಗೆ 5.30ಕ್ಕೆ ಹೊರಟ ಸ್ವಲ್ಪ ಹೊತ್ತಿಗೇ ಎದೆ ಹಿಡಿದ ಹಾಗಾಗಿ ಎಡಗಡೆ ದವಡೆ ಸೆಳೆಯುತ್ತದಂತೆ. ಬೇವಿನ ಮರದ ಹತ್ತಿರ ಎರಡು ನಿಮಿಷ ನಿಂತರೆ ಹೋಗುತ್ತದೆ, ಮತ್ತೆ ಓಡುತ್ತಾರೆ. ಗ್ಯಾಸು ಅಂತಾರೆ. ಜೀರಿಗೆ ನೀರು ಕೊಡುತ್ತಿದ್ದೇನೆ. ಚಳಿ ಮುಗಿಯುವ ತನಕ ಓಟ ಬಿಡಿಸಬೇಕಾ?

ಡಾಕ್ಟರ್: ಅಮ್ಮಾ, ನಾಳೆ ಬೆಳಗ್ಗೆ ಅವರು ಓಡಬಾರದು. ಇದನ್ನು ಮೊದಲು ಅವರಿಗೆ ಓದಿ ಹೇಳಿ, ಆಮೇಲೆ ಮುಂದಿನದು.

ಗ್ಯಾಸ್ ಆಗಿದ್ದರೆ ಊಟಕ್ಕೆ, ಮಲಗುವುದಕ್ಕೆ ಸಂಬಂಧ ಇರುತ್ತದೆ. ಓಡಿದರೆ ಬಂದು, ನಿಂತರೆ ಹೋಗಿ, ಮತ್ತೆ ಓಡಿದರೆ ಬರುವ ನೋವು ಹೃದಯದ್ದು ಅಂತಲೇ ಹಿಡಿಯಬೇಕು, ಅಲ್ಲ ಅಂತ ಪರೀಕ್ಷೆ ಹೇಳುವವರೆಗೆ. ದವಡೆಗೆ ಹರಿಯುತ್ತಿದೆ ಅಂದರೆ ಇನ್ನೂ ಜಾಸ್ತಿ. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಬಿಪಿ ಏರುತ್ತದೆ. ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ, ಅದಕ್ಕೆ ಬರುವ ರಕ್ತ ಮಾತ್ರ ಹೆಚ್ಚುವುದಿಲ್ಲ. ಹೃದಯದ ರಕ್ತನಾಳದಲ್ಲಿ ಬೇಸಿಗೆಯಲ್ಲಿ ಸುಮ್ಮನಿದ್ದ ಅಡ್ಡಿ ಡಿಸೆಂಬರ್‌ನಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಶುಗರ್ ಇರುವವರಿಗೆ ನೋವು ಗೊತ್ತಾಗುವುದೂ ಕಡಿಮೆ. ಅವರು ಸ್ವಲ್ಪ ಅಂದಿದ್ದನ್ನು ಸ್ವಲ್ಪ ಅಂತ ತಗೊಳ್ಳಬೇಡಿ.

ನಾಳೆಯೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಆಮೇಲೆ ಹೃದ್ರೋಗ ತಜ್ಞರನ್ನು ನೋಡಲೇಬೇಕು. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇದೆ. ಕೂತಾಗ ನೋವು ಬಂದರೆ, ಬೆವರು ಕಿತ್ತುಕೊಂಡರೆ, ನಿಂತ ಮೇಲೂ ಹೋಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ.

ಮೆಟ್ಟಿಲು ಹತ್ತುವಾಗಲೂ ಬರುತ್ತದಾ? ಅವರ ತಂದೆಗೆ, ಅಣ್ಣತಮ್ಮಂದಿರಿಗೆ ಹೃದಯದ ತೊಂದರೆ ಇತ್ತಾ? ಇವತ್ತೇ ಹೇಳಿ.

ಬೀದರ್: ಮಾವನವರು 55ಕ್ಕೇ ಹೋದರು ಮೇಡಂ. ಮಲಗಿದ್ದಾಗಲೇ.

ದಾವಣಗೆರೆ: ಗಾಬರಿ ಬೇಡ ತಂಗಿ. ಎದೆನೋವು ಬಂದಾಗ ಜೋರಾಗಿ ಕೆಮ್ಮುತ್ತಾ ಇದ್ದರೆ ಹೃದಯ ನಿಲ್ಲುವುದಿಲ್ಲ. ದೊಡ್ಡ ಆಸ್ಪತ್ರೆಯವರೇ ಹೇಳಿದ್ದು, ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಯಾವ ಆಸ್ಪತ್ರೆಯೂ ಹೇಳಿಲ್ಲ. ಮಾನಿಟರ್ ಹಾಕಿ ಮಲಗಿಸಿದ ರೋಗಿಗೆ ವೈದ್ಯರು ಪಕ್ಕದಲ್ಲೇ ನಿಂತು ಅಪರೂಪಕ್ಕೆ ಹೇಳುವ ಮಾತನ್ನು ಮನೆಮದ್ದು ಮಾಡಿದ್ದಾರೆ. ಈ ಅಮ್ಮನ ಮನೆಯಲ್ಲಿ ಇವತ್ತು ರಾತ್ರಿ ನೋವು ಬಂದು ಅವರು ಕೆಮ್ಮುತ್ತಾ ಕೂತರೆ ಏನಾಗುತ್ತದೆ ಹೇಳಿ? ಅಡ್ಮಿನ್, ತೆಗೆಯಿರಿ ಅದನ್ನು.

ದಾವಣಗೆರೆ: ಒಳ್ಳೆಯದಕ್ಕೆ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಜಯನಗರ: ಬೆಂಗಳೂರಲ್ಲಿ ಇವತ್ತು 15 ಡಿಗ್ರಿ. ಎಷ್ಟು ಚಳಿ ಅಂದರೆ ಹಾಸಿಗೆಯಿಂದ ಏಳೋಕೇ ಆಗಲಿಲ್ಲ.

ಟೊರೊಂಟೊ: 15ಕ್ಕೆ ನಾವು ಅರ್ಧ ತೋಳಿನ ಅಂಗಿ ಹಾಕುತ್ತೇವೆ ಸರ್.

ಜಯನಗರ: ನಿಮ್ಮ ಮನೆಯಲ್ಲಿ ಹೀಟರ್ ಇದೆ. ನಮ್ಮದು ರೆಡ್ ಆಕ್ಸೈಡ್ ನೆಲ, ಐದು ಗಂಟೆಗೆ ಕಾಲಿಟ್ಟು ನೋಡಿ.

ಮೈಸೂರು, 34: ಚಳಿ ಬಿಡಿ, ನಮಗೆ ಕತ್ತಲೆಯೇ ಕಷ್ಟ. ಈಗ ಬೆಳಕಾಗುವುದು ಆರೂವರೆ ಮೇಲೆ. ಅಷ್ಟೊತ್ತಿಗೆ ಮಕ್ಕಳ ಡಬ್ಬಿ ರೆಡಿಯಾಗಬೇಕು. ಐದಕ್ಕೆ ಹೋದರೆ ಬೀದಿನಾಯಿಗಳು, ಬೈಕ್ ನಿಧಾನ ಮಾಡಿ ತಿರುಗಿ ನೋಡುವವರು. ಹೆಂಗಸರು ಏನು ಮಾಡಬೇಕು ಮೇಡಂ?

ಹುಬ್ಬಳ್ಳಿ, 41: ತಮ್ಮನ್ನ ಕರೆದುಕೊಂಡು ಹೋಗಿ ಅಕ್ಕ.

ಮೈಸೂರು: ನಿಮ್ಮ ಜೊತೆ ಯಾರು ಬರುತ್ತಾರೆ?

ಹುಬ್ಬಳ್ಳಿ: ನನಗೇನು ಭಯ? ಸಲಹೆ ಕೊಟ್ಟರೂ ತಪ್ಪಾ?

ಮೈಸೂರು: ನಾನು ಓಡಬೇಕಾದರೆ ಒಬ್ಬ ಗಂಡಸನ್ನು ಎಬ್ಬಿಸಬೇಕು ಅನ್ನುವುದು ಸಲಹೆಯಲ್ಲ. ನಮ್ಮ ಬಡಾವಣೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿದ್ದೇವೆ. ಪಾರ್ಕಿನ ಗೇಟು ಐದಕ್ಕೇ ತೆಗೆಸಿ, ಕೆಟ್ಟ ದೀಪ ಸರಿ ಮಾಡಿಸಿ ಅಂತ ಪಾಲಿಕೆಗೆ ಬರೆದಿದ್ದೇವೆ. ನೀವೂ ನಿಮ್ಮೂರಲ್ಲಿ ಬರೆಯಿರಿ, ಅದು ಸಹಾಯ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಮೈಸೂರು: ಇದೇ ವಿಷಯ.

ತುಮಕೂರು, 31: ಮೇಡಂ, ಚಳಿಯಲ್ಲಿ ಮಂಡಿ ಕಟಕಟ ಅನ್ನುತ್ತದೆ. ವಿಟಮಿನ್ ಡಿ ತಗೊಳ್ಳಬಹುದಾ?

ಮಡಿಕೇರಿ, 26: ಓಡುವ ಮುಂಚೆ ಏನು ತಿನ್ನಬೇಕು?

ಡಾಕ್ಟರ್: ಮೇಲೆ ಇದೆ.

(ಮಾರನೆಯ ದಿನ)

ಬೀದರ್: ಮೇಡಂ, ಇಸಿಜಿ ಆಯಿತು. ನಾರ್ಮಲ್ ಅಂದರು! ತುಂಬಾ ಸಮಾಧಾನ ಆಯಿತು. ಮನೆಯವರು ನಾಳೆಯಿಂದ ಓಡುತ್ತೇನೆ ಅಂತಿದ್ದಾರೆ. ಶೂ ಒರೆಸಿ ಇಟ್ಟಿದ್ದಾರೆ.

ಡಾಕ್ಟರ್: ಬೇಡ. ಇಸಿಜಿ ತೆಗೆಯುವಾಗ ಅವರು ಮಲಗಿದ್ದರು, ನೋವು ಬರುವುದು ಓಡುವಾಗ. ಮಲಗಿದಾಗ ತೆಗೆದ ಇಸಿಜಿ ಸರಿ ಬಂದರೂ ರಕ್ತನಾಳದಲ್ಲಿ ಅಡ್ಡಿ ಇರಬಹುದು. ಹಾಗಂತ ನೀವಾಗಿಯೇ ಲ್ಯಾಬಿಗೆ ಹೋಗಿ ಟಿಎಂಟಿಗೆ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿಗೆ, ನಿಲ್ಲಿಸಬೇಡಿ. ಮೂರು ವಾರದ ಹೊಸ ನೋವು ಇದು. ಟಿಎಂಟಿಯಾ, ಆಂಜಿಯೋಗ್ರಾಮಾ ಅನ್ನುವುದನ್ನು ಹೃದ್ರೋಗ ತಜ್ಞರೇ ನೋಡಿ ಹೇಳಬೇಕು. ದವಡೆ ನೋವು, ಬೇವಿನ ಮರದ ಹತ್ತಿರ ನಿಲ್ಲುವುದು, ಮಾವನವರ ವಯಸ್ಸು, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ತಾವಾಗಿ ಹೇಳುವುದಿಲ್ಲ. ಅಲ್ಲಿಯವರೆಗೆ ಶೂ ನಿಮ್ಮ ಬೀರುವಿನಲ್ಲಿರಲಿ.

ಬೀದರ್: ಸರಿ ಮೇಡಂ. ಬೀಗ ಹಾಕಿದೆ. ಸೋಮವಾರ ಕಲಬುರಗಿಗೆ ಹೊರಟಿದ್ದೇವೆ.

ಡಾಕ್ಟರ್: ಸೋಮವಾರ ಯಾಕೆ? ನಾಳೆ ಬಸ್ಸಿಲ್ಲವಾ?