ಡಿಫ್ರಾಕ್ಷನ್ ಲೆಕ್ಕ: ದೂರ ಹೆಚ್ಚಿಸಿದರೆ ಅಂಚಿನಲ್ಲಿ ಗೆರೆಗಳು

ಪ್ರಶ್ನೆ: ಡಿಫ್ರಾಕ್ಷನ್, ಅಂದರೆ ಬೆಳಕು ಮುಂದೆ ಸಾಗುತ್ತಾ ಹರಡುವುದನ್ನು, ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. 1024×1024 ಗ್ರಿಡ್, ಪಿಕ್ಸೆಲ್ 8 ಮೈಕ್ರಾನ್, ಬೆಳಕು 633 ನ್ಯಾನೋಮೀಟರ್. ಆಂಗ್ಯುಲರ್ ಸ್ಪೆಕ್ಟ್ರಮ್ ವಿಧಾನದಲ್ಲಿ (ಬೆಳಕನ್ನು ಬೇರೆ ಬೇರೆ ದಿಕ್ಕಿನ ತರಂಗಗಳಾಗಿ ಒಡೆದು ಲೆಕ್ಕ ಹಾಕುವುದು) 5 ಸೆಂ.ಮೀ. ದೂರಕ್ಕೆ ಚಿತ್ರ ಚೆನ್ನಾಗಿದೆ. 30 ಸೆಂ.ಮೀ.ಗೆ ಹೋದರೆ ಬಲೆಯಂಥ ಗೆರೆಗಳು. ಪಾಯಿಂಟ್‌ಗಳನ್ನು ನೇರವಾಗಿ ಕೂಡಿಸಿದರೆ ಲಕ್ಷ ಕೋಟಿ ಲೆಕ್ಕ, ಅಲ್ವಾ? ಏನು ಮಾಡಲಿ?

ಉತ್ತರ 1: ದೂರ ಜಾಸ್ತಿಯಾದಂತೆ ಟ್ರಾನ್ಸ್‌ಫರ್ ಫಂಕ್ಷನ್‌ನ (ಆ ದೂರ ಸಾಗಿದಾಗ ಪ್ರತಿ ತರಂಗ ಎಷ್ಟು ಬದಲಾಗುತ್ತದೆ ಎನ್ನುವ ಸೂತ್ರ) ಫೇಸ್, ಅಂದರೆ ತರಂಗದ ಹಂತ, ಹೆಚ್ಚಿನ ಫ್ರೀಕ್ವೆನ್ಸಿಗಳಲ್ಲಿ (ಚಿತ್ರದ ಸಣ್ಣ ವಿವರಗಳಲ್ಲಿ) ತುಂಬಾ ಬೇಗ ತಿರುಗುತ್ತದೆ, ಗ್ರಿಡ್‌ಗೆ ಸಿಗುವುದಿಲ್ಲ. ಪಿಕ್ಸೆಲ್ ಅಳತೆಯ ವರ್ಗವನ್ನು 1024ರಿಂದ ಗುಣಿಸಿ, ತರಂಗಾಂತರದಿಂದ ಭಾಗಿಸಿ. ಸುಮಾರು 10 ಸೆಂ.ಮೀ. ಬರುತ್ತದೆ. ಅದೇ ನಿಮ್ಮ ಗಡಿ. ಸುತ್ತ ಸೊನ್ನೆ ತುಂಬಿ 2048 ಮಾಡಿದರೂ 20 ಸೆಂ.ಮೀ. ಅಷ್ಟೇ. ಆದರೂ ತುಂಬಲೇಬೇಕು, ಇಲ್ಲದಿದ್ದರೆ ಒಂದು ಅಂಚು ದಾಟಿದ ಬೆಳಕು ಎದುರಿನ ಅಂಚಿನಿಂದ ಒಳಗೆ ಬರುತ್ತದೆ. ಆಮೇಲೆ ಬೇಗ ತಿರುಗುವ ಫ್ರೀಕ್ವೆನ್ಸಿಗಳನ್ನು ಕತ್ತರಿಸಿ. ಮತ್ಸುಶಿಮಾ, ಶಿಮೊಬಾಬಾ 2009ರಲ್ಲಿ ಕೊಟ್ಟ ಈ ಉಪಾಯ ನನಗೆ ತುಂಬಾ ಇಷ್ಟ.

ಉತ್ತರ 2: ಒಂದೇ ಎಫ್‌ಎಫ್‌ಟಿಯ (ವೇಗದ ಫೂರಿಯೆ ಪರಿವರ್ತನೆ) ಫ್ರೆನೆಲ್ ವಿಧಾನವೂ, ಅಂದರೆ ಅಂದಾಜು ಸೂತ್ರದ ಲೆಕ್ಕವೂ, ಆಗುತ್ತದೆ. ಆದರೆ 30 ಸೆಂ.ಮೀ.ನಲ್ಲಿ ಸಿಗುವ ಚಿತ್ರದ ಪಿಕ್ಸೆಲ್ 23 ಮೈಕ್ರಾನ್ ಆಗಿಬಿಡುತ್ತದೆ, ನಡೆಯುತ್ತಾ?